‘ಯಾರು ಸಾಯ್ತಾರೆ ಅಂತ ನನಗೆ ಮೊದಲೇ ಗೊತ್ತಾಗುತ್ತೆ’

ಪ್ರಶ್ನೆ: ನನಗೆ 27 ವರ್ಷ, ಮನೆ ರಾಜಾಜಿನಗರ. ಪಿಯುಸಿಯಲ್ಲಿದ್ದಾಗ ಅಜ್ಜ ಬಿಳಿ ಪಂಚೆ ಹೊದ್ದು ಮಲಗಿದ ಹಾಗೆ ಕನಸು ಬಿತ್ತು, ವಾರದೊಳಗೆ ತೀರಿಕೊಂಡರು. ಹೋದ ವರ್ಷ ಎದುರುಮನೆ ಅಂಕಲ್ ಮುಖ ಕಪ್ಪಿಟ್ಟ ಹಾಗೆ ಕಂಡಿತು, ಮೂರನೇ ದಿನ ಹಾರ್ಟ್ ಅಟ್ಯಾಕ್. ಈಗ ಅಮ್ಮನ ಮುಖವೂ ಹಾಗೇ ಕಾಣುತ್ತಿದೆ. ಆಫೀಸಿನಿಂದ ದಿನಕ್ಕೆ ಹತ್ತಿಪ್ಪತ್ತು ಸಲ ಫೋನ್ ಮಾಡುತ್ತೇನೆ. ಮೆಟ್ರೋದಲ್ಲಿ ತಲೆ ಎತ್ತುವುದೇ ಇಲ್ಲ. ನನ್ನಿಂದಲೇ ಇವರೆಲ್ಲ ಸಾಯುತ್ತಿದ್ದಾರಾ ಡಾಕ್ಟರ್?

ಮನೋವೈದ್ಯರ ಉತ್ತರ: ಇಲ್ಲಮ್ಮ. ನಿಮ್ಮಿಂದ ಯಾರೂ ಸತ್ತಿಲ್ಲ. ನಿಮ್ಮನ್ನು ಒಳಗೊಳಗೇ ತಿನ್ನುತ್ತಿರುವುದು ಆ ಕೊನೆಯ ಸಾಲೇ ಆದ್ದರಿಂದ ಅದಕ್ಕೇ ಮೊದಲು ಉತ್ತರ ಕೊಟ್ಟೆ.

ಅಜ್ಜನಿಗೆ ಆಗಲೇ ಹುಷಾರಿರಲಿಲ್ಲವೇ? ಹಿರಿಯರ ಪಿಸುಮಾತು ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ, ಹಗಲಲ್ಲಿ ಆಡಲಾಗದ ಭಯ ಕನಸಾಗುತ್ತದೆ. ನೆನಪೂ ಸುಮ್ಮನಿರುವುದಿಲ್ಲ. ಮಸುಕು ಮಸುಕಾಗಿದ್ದ ಕನಸಿಗೆ, ಸಾವಾದ ಮೇಲೆ, ನಾವೇ ಬಿಳಿ ಪಂಚೆ ಹೊದಿಸಿರಬಹುದು.

1966ರಲ್ಲಿ ವೇಲ್ಸ್‌ನ ಅಬರ್‌ಫಾನ್ ಊರಿನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಶಾಲೆಯ ಮೇಲೆ ಜಾರಿ 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ‘ನನಗೆ ಮೊದಲೇ ಗೊತ್ತಾಗಿತ್ತು’ ಎಂದು ಆಮೇಲೆ ಹಲವರು ಹೇಳಿದರು. ಜಾನ್ ಬಾರ್ಕರ್ ಎಂಬ ಮನೋವೈದ್ಯರು ಅದನ್ನು ತಳ್ಳಿಹಾಕಲಿಲ್ಲ. ಲಂಡನ್ನಿನ ಪತ್ರಿಕೆಯೊಂದರ ಜೊತೆ ಸೇರಿ, ಏನಾದರೂ ನಡೆಯುವ ಮೊದಲೇ ಬರೆದು ಕಳಿಸಿ ಎಂದು 1967ರಲ್ಲಿ ಜನರನ್ನು ಕೇಳಿದರು. ನೂರಾರು ಮುನ್ಸೂಚನೆ ಬಂದವು, ಹೆಚ್ಚಿನವು ಸುಳ್ಳಾದವು. ಸಾಮಾನ್ಯವಾಗಿ ಮರೆತುಹೋಗುವ ಆ ಸುಳ್ಳುಗಳು ಅಲ್ಲಿ ಕಾಗದದ ಮೇಲೆ ಉಳಿದವು. ನಿಮ್ಮ ಲೆಕ್ಕದಲ್ಲಿ ಅವು ಇಲ್ಲ. ಕಪ್ಪಾಗಿ ಕಂಡೂ ಇವತ್ತಿಗೂ ಗಟ್ಟಿಮುಟ್ಟಾಗಿರುವ ಮುಖಗಳು ಎಷ್ಟಿರಬಹುದು!

ನನಗೆ ಹೆಚ್ಚು ಕಳವಳ ಆ ಫೋನ್‌ಗಳದ್ದು. ‘ಚೆನ್ನಾಗಿದ್ದೀನಿ ಮಗಳೇ’ ಎಂದು ಅಮ್ಮ ಹೇಳಿದ ಹತ್ತು ನಿಮಿಷಕ್ಕೇ ಭಯ ಮರಳುತ್ತದಲ್ಲವೇ? ಪ್ರತಿ ಫೋನೂ ಅದಕ್ಕೆ ಹಾಕುವ ತುತ್ತು. ಮನಸ್ಸಿಗೆ ಬಂದದ್ದು ನಡೆದೇ ತೀರುತ್ತದೆ, ಅದಕ್ಕೆ ನಾನೇ ಹೊಣೆ ಎನ್ನಿಸುವುದು ಗೀಳು ಕಾಯಿಲೆಯಲ್ಲಿ, ಅಂದರೆ ಓಸಿಡಿಯಲ್ಲಿ, ನಾವು ಮತ್ತೆ ಮತ್ತೆ ಕೇಳುವ ಮಾತು. ಪತ್ರ ಓದಿ ಕಾಯಿಲೆ ನಿರ್ಧರಿಸಲಾರೆ. ಆದರೆ ಓಸಿಡಿಯೇ ಆಗಿದ್ದರೆ ಔಷಧಿಯೂ ಇದೆ, ಪರೀಕ್ಷಿಸಿ ನೋಡುವ ಚಟವನ್ನು ಮೆಲ್ಲಗೆ ಬಿಡಿಸುವ ಥೆರಪಿಯೂ ಇದೆ. ಮನೆಯವರು ಶಾಂತಿ ಮಾಡಿಸುತ್ತೇವೆ ಎಂದರೆ ಮಾಡಿಸಲಿ, ಚಿಕಿತ್ಸೆ ಮಾತ್ರ ಮುಂದೂಡಬೇಡಿ.

ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಬನ್ನಿ. ಅಲ್ಲಿಯವರೆಗೆ ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾಳೆ ಆಫೀಸಿನಿಂದ ಮಾಡುವ ಫೋನ್‌ಗಳಲ್ಲಿ ಒಂದನ್ನು ಅರ್ಧ ಗಂಟೆ ತಡಮಾಡಿ ನೋಡಿ. ಸಂಜೆ ಅಮ್ಮನ ಎದುರು ಕೂತು ಕಾಫಿ ಕುಡಿಯಿರಿ, ಮುಖ ನೋಡಿಕೊಂಡೇ.