ಹಸಿ ಬೇವಿನ ತುಂಡು ಸೀಳದ ಹಾಗೆ ಬಟ್ಟಲು ಕಡೆಯುವುದು ಹೇಗೆ?

ವಿಜಯಪುರದಲ್ಲಿ ಮನೆ ಮುಂದಿನ ಬೇವಿನ ಮರ ಕಡಿಸಿದ್ದೀರಿ, ತುಂಡುಗಳನ್ನು ಮಾಳಿಗೆ ಮೇಲೆ ಒಣಗಲು ಇಟ್ಟಿದ್ದೀರಿ, ವಾರದೊಳಗೆ ತುದಿಗಳು ಬಿರಿದಿವೆ, ಉಳಿದದ್ದರಲ್ಲಾದರೂ ಲೇತ್ (ಮರ ತಿರುಗಿಸುತ್ತಾ ಉಳಿಯಿಂದ ಕಡೆಯುವ ಯಂತ್ರ) ಮೇಲೆ ಬಟ್ಟಲು ಆಗಬೇಕು. ಇದೇ ಅಲ್ವಾ ನಿಮ್ಮ ಪ್ರಶ್ನೆ? ನಾನು ಬೆಳಗಾವಿಯಲ್ಲಿ ಇದೇ ಕೆಲಸ ಮಾಡುತ್ತೇನೆ, ಹೇಳುತ್ತೇನೆ ನೋಡ್ರಿ.

ಮೊದಲು ಅವನ್ನು ಮಾಳಿಗೆಯಿಂದ ಇಳಿಸಿ. ಇಡೀ ತುಂಡು ಒಣಗಿಸಿ ಆಮೇಲೆ ಕಡೆಯೋಣ ಅನ್ನೋ ಯೋಚನೆಯನ್ನೂ ಬಿಡಿ. ನಡುವೆ ತಿರುಳು ಇರುವ ದುಂಡನೆಯ ತುಂಡು ಎಷ್ಟು ಜೋಪಾನ ಮಾಡಿದರೂ ಸಾಮಾನ್ಯವಾಗಿ ಸೀಳಿಯೇ ಸೀಳುತ್ತದೆ.

ಯಾಕಂದ್ರೆ ಮರ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆ ಕಡೆಗೆ ಸ್ವಲ್ಪ, ಉಂಗುರಗಳ ಸುತ್ತಿನ ಗುಂಟ ಸುಮಾರು ಅದರ ಎರಡರಷ್ಟು. ಸುತ್ತು ಕುಗ್ಗಲು ಎಳೆಯುತ್ತದೆ, ಒಳಗಿನದು ಅಷ್ಟು ಕುಗ್ಗಲ್ಲ, ಆಗ ಹೊರಗಿನಿಂದ ತಿರುಳಿನ ತನಕ ಬೆಣೆ ಹೊಡೆದ ಹಾಗೆ ಬಾಯಿ ಬಿಡುತ್ತದೆ. ಇನ್ನೊಂದು, ಕೊಯ್ದ ತುದಿಯಿಂದ ನೀರು ಪಕ್ಕದಿಂದ ಹೋಗುವುದಕ್ಕಿಂತ 10-15 ಪಟ್ಟು ಬೇಗ ಹೋಗುತ್ತದೆ. ತೇವ ಸುಮಾರು 30 ಪರ್ಸೆಂಟಿಗೆ ಇಳಿಯುವ ತನಕ ಮರ ಕುಗ್ಗುವುದೇ ಇಲ್ಲ. ನಿಮ್ಮ ಬಿಸಿಲಿಗೆ ತುದಿ ಅದಕ್ಕಿಂತ ಕೆಳಗಿಳಿದು ಕುಗ್ಗತೊಡಗಿದಾಗ ಒಳಗೆ ಇನ್ನೂ ಹಸಿ ಇರುತ್ತದೆ. ಜಗಳ ಇರುವುದೇ ಅಲ್ಲಿ.

ಬಿರಿದ ತುದಿಯಿಂದ ಇಂಚು ಇಂಚಾಗಿ ಕೊಯ್ಯುತ್ತಾ ಬನ್ನಿ. ಪ್ರತಿ ಸಲ ಕಾಲು ಇಂಚಿನ ಒಂದು ಬಿಲ್ಲೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಇದ್ದರೂ ಅಲ್ಲಿಯೇ ತೆರೆದುಕೊಳ್ಳುತ್ತದೆ. ಬಿಲ್ಲೆ ಗಟ್ಟಿ ಬಂದಲ್ಲಿ ನಿಲ್ಲಿಸಿ. ಆಮೇಲೆ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳಿನ ಎರಡೂ ಬದಿಗೆ ಒಂದೊಂದು ಇಂಚು ಕೊಯ್ದು ಬಿಸಾಕಿ. ಮರ ಹಾಳಾಯ್ತು ಅಂತ ಅನಿಸುತ್ತದೆ, ಆದರೆ ಆ ತಿರುಳು ಬಟ್ಟಲಿನಲ್ಲಿ ಉಳಿದರೆ ಸೀಳು ಅಲ್ಲಿಂದಲೇ ಶುರು.

ಅವತ್ತೇ ಕಡೆಯಲು ಆಗದಿದ್ದರೆ ಕೊಯ್ದ ತುದಿಗಳಿಗೆ ಕೂಡಲೇ ಮೇಣ ಬಳಿಯಿರಿ, ನಾಳೆಗೆ ಬಿಡಬೇಡಿ. ಮೇಣದ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೇರ ಬೆಂಕಿ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ತುದಿಯ ಅಂಚು ದಾಟಿ ಒಂದು ಬೆರಳಗಲ ಪಕ್ಕಕ್ಕೂ ಬರಲಿ. ಮೇಣ ಸಿಗದಿದ್ದರೆ ಆಯಿಲ್ ಪೇಂಟ್ ದಪ್ಪಗೆ ಎರಡು ಕೈ. ಅದೂ ಇಲ್ಲವೆಂದರೆ ನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡಿ, ನೀರಲ್ಲಿದ್ದಷ್ಟು ದಿನ ಬಿರಿಯುವುದಿಲ್ಲ.

ಈಗ ಲೇತ್. ಹಸಿಯಲ್ಲೇ ದಪ್ಪ ಆಕಾರ ತೆಗೆಯಿರಿ. ಗೋಡೆಯ ದಪ್ಪ ಬಟ್ಟಲಿನ ಅಗಲದ ಹತ್ತರಲ್ಲಿ ಒಂದು ಭಾಗ, ಅಂದ್ರೆ 10 ಇಂಚಿನ ಬಟ್ಟಲಿಗೆ 1 ಇಂಚು. ತಳವೂ ಅಷ್ಟೇ ಇರಲಿ. ಗೋಡೆ ತೆಳು, ತಳ ದಪ್ಪ ಬಿಟ್ಟರೆ ತಳ ತಡವಾಗಿ ಒಣಗುತ್ತದೆ, ಸೀಳು ಅಲ್ಲಿ ಬರುತ್ತದೆ. ಒಣಗುವಾಗ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಗಾಬರಿಯಾಗಬೇಡಿ. ಮತ್ತೆ ದುಂಡಗೆ ಕಡೆಯಲೆಂದೇ ಆ ಇಂಚು ಬಿಟ್ಟಿರುವುದು.

ಆಮೇಲೆ ಅದೇ ಮರದ ಹೊಟ್ಟಿನ ಜೊತೆ ಕಾಗದದ ಚೀಲದಲ್ಲಿ ತುಂಬಿ ಪಡಸಾಲೆಯ ಮೂಲೆಯಲ್ಲಿಡಿ. ಫ್ಯಾನಿನ ಗಾಳಿ ಬೇಡ. ಏಪ್ರಿಲ್-ಮೇನಲ್ಲಾದರೆ ಮೇಲೊಂದು ಗೋಣಿಚೀಲ ಸುತ್ತಿ. ನಮ್ಮ ಕಡೆ ಮಳೆಗಾಲದಲ್ಲಿ ತಾಪತ್ರಯ ಉಲ್ಟಾ, ಬೂಸ್ಟು ಹಿಡಿಯುತ್ತದೆ, ಹೊಟ್ಟು ತೆಗೆದು ಚೀಲದ ಬಾಯಿ ತೆರೆದಿಡುತ್ತೇವೆ. ತಳದ ಮೇಲೆ ಪೆನ್ಸಿಲ್‌ನಿಂದ ತಾರೀಕು, ತೂಕ ಬರೆದಿಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಅದರ ಕೆಳಗೇ ಬರೆಯಿರಿ. ಮೊದಮೊದಲು ತೂಕ ಸರಸರ ಇಳಿಯುತ್ತದೆ, ಬರಬರುತ್ತಾ ನಿಧಾನ. ಮೂರ್ನಾಲ್ಕು ವಾರ ಒಂದೇ ತೂಕ ನಿಂತರೆ ಒಣಗಿದೆ ಅಂತ ಲೆಕ್ಕ, ಅದಕ್ಕೆ ಎಷ್ಟು ತಿಂಗಳು ಹಿಡಿದರೂ ಸರಿ, ಮೊದಲೇ ಲೇತ್‌ಗೆ ಹಾಕಬೇಡಿ.

ಬಟ್ಟಲಿಗೆ ಅಳತೆ ಸಾಲದ ತುಂಡುಗಳನ್ನು ಒಲೆಗೆ ಹಾಕಬೇಡಿ. ತಿರುಳು ಬಿಟ್ಟು ಸೀಳಿದರೆ ಒಳ್ಳೆ ಲಟ್ಟಣಿಗೆ ಆಗುತ್ತವೆ.