ಯುಎಂಎಲ್ ಚಿಹ್ನೆಗಳೆಲ್ಲ ಗೊತ್ತು, ಕ್ಲಾಸ್ ಹುಡುಕುವುದೇ ಗೊತ್ತಾಗುತ್ತಿಲ್ಲ. ಹೇಗೆ ಕಲಿಯಲಿ?

ನೀವು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಅಂದಿದ್ದೀರಿ. ಯುಎಂಎಲ್ ಅಂದರೆ ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರವಾಗಿ ಬರೆಯುವ ಪದ್ಧತಿ. ಅದರ ಬಾಣ, ವಜ್ರ, ಚೌಕ ಎಲ್ಲ ಬಾಯಿಪಾಠ, ಆದರೆ ಹೊಸ ಸಮಸ್ಯೆ ಕೊಟ್ಟರೆ ಯಾವುದು ಕ್ಲಾಸ್ (ಒಂದೇ ಬಗೆಯ ವಸ್ತುಗಳಿಗೆ ಕೋಡ್‌ನಲ್ಲಿ ಮಾಡುವ ಅಚ್ಚು), ಯಾವುದು ಅಲ್ಲ ಅಂತ ತಿಳಿಯುವುದಿಲ್ಲ, ಅಲ್ವಾ? ನಾನು ವಿಜಯಪುರದವನು. ಇಲ್ಲೇ ಓದಿ ಈಗ ಸಾಫ್ಟ್‌ವೇರ್ ಬರೆಯುತ್ತೇನೆ.

ಮೊದಲು ಎಟಿಎಂ, ಲೈಬ್ರರಿ ಉದಾಹರಣೆ ಬಿಡಿ. ಅವುಗಳ ಉತ್ತರ ಎಲ್ಲರ ನೋಟ್ಸ್‌ನಲ್ಲೂ ಇದೆ, ನೀವು ತೀರ್ಮಾನ ಮಾಡೋದಕ್ಕೆ ಏನೂ ಉಳಿದಿರುವುದಿಲ್ಲ. ಹೋಗಿ ನಿಂತು ನೋಡಬಹುದಾದ, ಯಾರನ್ನಾದರೂ ಕೇಳಬಹುದಾದ ಕೆಲಸವೊಂದನ್ನು ಹಿಡಿಯಿರಿ. ನಮ್ಮ ಕಡೆ ಒಣದ್ರಾಕ್ಷಿ ವ್ಯಾಪಾರವಿದೆ, ಅದನ್ನೇ ತಗೊಳ್ಳೋಣ.

ಸಮಸ್ಯೆಯನ್ನು ಬರೆದು ನಾಮಪದಗಳಿಗೆ ಗೆರೆ ಎಳೆಯಿರಿ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಎಳೆದರೆ ರೈತ, ದಲಾಲ, ಖರೀದಿದಾರ, ಬಾಕ್ಸ್, ತೂಕ, ಬೆಲೆ ಸಿಗುತ್ತವೆ. ತಕ್ಷಣ ಎಲ್ಲರೂ ಮೇಲೆ ‘ವ್ಯಕ್ತಿ’ ಅಂತ ಬರೆದು, ಕೆಳಗೆ ರೈತ, ದಲಾಲ, ಖರೀದಿದಾರ ಅಂತ ಇನ್ಹೆರಿಟೆನ್ಸ್ ಬಾಣ (‘ಇದು ಅದರದೇ ಒಂದು ಬಗೆ’ ಅನ್ನುವ ಗುರುತು) ಹಾಕುತ್ತಾರೆ. ನೋಡೋಕೆ ಚೆಂದ, ಅಂಕವೂ ಬರುತ್ತದೆ. ಆದರೆ ತನ್ನ ತೋಟದ ದ್ರಾಕ್ಷಿ ಒಣಗಿಸಿ ಮಾರುವವನೇ ಬೇರೆಯವರ ಮಾಲು ಕೊಂಡು ವ್ಯಾಪಾರವನ್ನೂ ಮಾಡಿದರೆ? ಜಾವಾದಲ್ಲಿ ಒಂದು ಆಬ್ಜೆಕ್ಟ್ (ಕ್ಲಾಸ್ ಅನ್ನುವ ಅಚ್ಚಿನಿಂದ ಬಂದ ಒಂದು ವಸ್ತು) ಒಮ್ಮೆ ರೈತ ಅಂತ ಹುಟ್ಟಿದರೆ ಮುಗಿಯಿತು, ಆಮೇಲೆ ಅದು ಖರೀದಿದಾರ ಆಗುವುದಿಲ್ಲ. ಹಾಗಾಗಿ ವ್ಯಕ್ತಿ ಒಬ್ಬನೇ. ಈ ಲಾಟ್‌ಗೆ (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲಿಗೆ) ಅವನು ಮಾರುವವನು, ಆ ಲಾಟ್‌ಗೆ ಕೊಳ್ಳುವವನು. ಅದು ಪಾತ್ರ, ಜಾತಿಯಲ್ಲ.

ಬೆಲೆಯ ಕಥೆಯೂ ಹೀಗೇ. ಅದನ್ನು ಲಾಟ್ ಒಳಗೆ ಒಂದು ಅಟ್ರಿಬ್ಯೂಟ್ (ಕ್ಲಾಸ್ ಒಳಗಿನ ಒಂದು ಮಾಹಿತಿ) ಮಾಡಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ನಾಲ್ಕು ಜನ ನಾಲ್ಕು ರೇಟ್ ಕೂಗುತ್ತಾರೆ. ಯಾರು ಕೂಗಿದರು, ಎಷ್ಟಕ್ಕೆ ಕೂಗಿದರು ಅನ್ನುವುದನ್ನು ಎಲ್ಲಿಡುತ್ತೀರಿ? ‘ಕೂಗು’ ಅನ್ನುವ ಕ್ಲಾಸ್ ಬೇಕಾಗುತ್ತದೆ. ಕೂಗುವುದು ಕ್ರಿಯಾಪದ, ಆದ್ದರಿಂದ ನಾಮಪದಕ್ಕಷ್ಟೇ ಗೆರೆ ಎಳೆದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಇನ್ನು ನಾನು ಅತಿ ಹೆಚ್ಚು ಸಮಯ ಕೊಡಿ ಅನ್ನುವುದು ಸ್ಟೇಟ್ ಡಯಾಗ್ರಾಮ್‌ಗೆ, ಅಂದರೆ ಒಂದು ವಸ್ತು ಯಾವ ಯಾವ ಸ್ಥಿತಿ ದಾಟುತ್ತದೆ ಅಂತ ತೋರಿಸುವ ಚಿತ್ರಕ್ಕೆ. ಲಾಟ್ ಬಂತು, ಸವಾಲಿಗೆ ಇಟ್ಟರು, ರೇಟ್ ಕುದುರಿತು, ತೂಕ ಆಯಿತು, ಪಟ್ಟಿ (ಲೆಕ್ಕದ ಚೀಟಿ) ಬರೆದು ಹಣ ಕೊಟ್ಟರು. ಇದು ಸುಲಭದ ದಾರಿ. ರೇಟ್ ಹಿಡಿಸದೆ ರೈತ ‘ಬೇಡ’ ಅಂದು ಮಾಲನ್ನು ಕೋಲ್ಡ್ ಸ್ಟೋರೇಜ್‌ಗೆ ವಾಪಸ್ ಒಯ್ದರೆ? ನಿಮ್ಮ ಕೋಡ್‌ನಲ್ಲಿ ‘ಮಾರಾಟ ಆಗಿದೆ’ ಅನ್ನುವ ಒಂದೇ ಬೂಲಿಯನ್ (ಹೌದು ಅಥವಾ ಇಲ್ಲ ಅಂತಷ್ಟೇ ಹಿಡಿದಿಡುವುದು) ಇದ್ದರೆ ಇದಕ್ಕೆ ಜಾಗವಿಲ್ಲ. ಆಗ ‘ವಾಪಸ್ ಹೋಗಿದೆ’ ಅಂತ ಇನ್ನೊಂದು ಸೇರಿಸುತ್ತೀರಿ. ಎರಡು ಬೂಲಿಯನ್ ಅಂದರೆ ನಾಲ್ಕು ಜೋಡಿ. ಮಾರಾಟವೂ ಆಗಿದೆ, ವಾಪಸ್ಸೂ ಹೋಗಿದೆ ಅನ್ನುವ ಅರ್ಥವಿಲ್ಲದ ಜೋಡಿಯೂ ಅದರಲ್ಲಿದೆ, ಒಂದು ದಿನ ಅದೇ ಬಗ್ ಆಗಿ ಬರುತ್ತದೆ. ಕಾಗದದ ಮೇಲೆ ಸ್ಥಿತಿಗಳನ್ನು ಬರೆದಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಗೆಳೆಯರಿದ್ದರೆ ಸಿಆರ್‌ಸಿ (ಕ್ಲಾಸ್, ಜವಾಬ್ದಾರಿ, ಸಹಾಯಕರು) ಕಾರ್ಡ್ ಆಡಿ. ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ 1989ರಲ್ಲಿ ಇದನ್ನು ಮುಂದಿಟ್ಟಿದ್ದೇ ಆಬ್ಜೆಕ್ಟ್ ರೀತಿಯಲ್ಲಿ ಯೋಚಿಸುವುದನ್ನು ಕಲಿಸೋದಕ್ಕೆ. ಒಂದು ಕಾರ್ಡ್‌ಗೆ ಒಂದು ಕ್ಲಾಸ್. ಎಡಕ್ಕೆ ಅದರ ಜವಾಬ್ದಾರಿ, ಬಲಕ್ಕೆ ಅದು ಯಾರ ಸಹಾಯ ಕೇಳುತ್ತದೆ ಅನ್ನುವುದು. ಒಬ್ಬೊಬ್ಬರು ಒಂದೊಂದು ಕಾರ್ಡ್ ಹಿಡಿದು ಕೂರಿ. ‘ಪಟ್ಟಿಯಲ್ಲಿ ಹಮಾಲಿ ಕೂಲಿ ಕಳೆಯುವವರು ಯಾರು?’ ಅಂತ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರೆ ಅಲ್ಲೊಂದು ಕ್ಲಾಸ್ ಕಮ್ಮಿ ಇದೆ ಅಂತ ಅರ್ಥ. ಒಬ್ಬರ ಕಾರ್ಡ್ ಮಾತ್ರ ತುಂಬಿ ತುಳುಕುತ್ತಿದ್ದರೆ ಅದನ್ನು ಒಡೆಯಿರಿ.

ಯುಎಂಎಲ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬೂಚ್, ರಂಬಾ, ಜೇಕಬ್‌ಸನ್ ಮೂವರೂ ತಮ್ಮ ತಮ್ಮ ಪದ್ಧತಿಗಳನ್ನು ಕೂಡಿಸಿದ್ದರಿಂದ ಹುಟ್ಟಿದ್ದು ಅದು, 1997ರಲ್ಲಿ ಒಎಂಜಿ ಅನ್ನುವ ಮಾನದಂಡ ಸಂಸ್ಥೆ ಒಪ್ಪಿಕೊಂಡಿತು. 2.5 ಆವೃತ್ತಿಯಲ್ಲಿ 14 ಬಗೆಯ ಚಿತ್ರಗಳಿವೆ. ಕೆಲಸದಲ್ಲಿ ನಾನು ಬರೆಯುವುದು ಕ್ಲಾಸ್, ಸೀಕ್ವೆನ್ಸ್ (ಯಾರು ಯಾರನ್ನು ಯಾವ ಕ್ರಮದಲ್ಲಿ ಕರೆಯುತ್ತಾರೆ ಅನ್ನುವ ಚಿತ್ರ), ಸ್ಟೇಟ್, ಅಷ್ಟೇ. ಪರೀಕ್ಷೆಗೆ ಉಳಿದವನ್ನೂ ಕಲಿಯಿರಿ, ಅಂಕ ಸುಮ್ನೆ ಯಾಕೆ ಬಿಡಬೇಕು? ಶುರುವಿನಲ್ಲಿ ಪೆನ್ಸಿಲ್ ಸಾಕು. ಆಮೇಲೆ ಪ್ಲಾಂಟ್‌ಯುಎಂಎಲ್ ಅನ್ನುವ ಟೂಲ್ ನೋಡಿ. ಅದರಲ್ಲಿ ಚಿತ್ರವನ್ನು ಪಠ್ಯವಾಗಿಯೇ ಬರೆಯುವುದರಿಂದ ಕೋಡ್ ಜೊತೆ ಗಿಟ್‌ನಲ್ಲೇ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್‌ನಲ್ಲೇ) ಇಡಬಹುದು.

ಚಿತ್ರ ಆದಮೇಲೆ ಕೋಡ್ ಬರೆಯಲೇಬೇಕು. ಬರೆದು, ಒಂದು ಬದಲಾವಣೆ ತನ್ನಿ: ಒಂದೇ ಲಾಟನ್ನು ಇಬ್ಬರು ಹಂಚಿಕೊಂಡು ಕೊಂಡರು ಅನ್ನಿ. ಎಷ್ಟು ಕ್ಲಾಸ್ ಮುಟ್ಟಬೇಕಾಯಿತು ನೋಡಿ. ಎರಡು ಕ್ಲಾಸ್ ಜೋಡಿಸುವ ಗೆರೆಯ ತುದಿಯಲ್ಲಿ, ಒಂದು ಲಾಟ್‌ಗೆ ಕೊಳ್ಳುವವರು ಎಷ್ಟು ಅಂತ ಬರೆದ ‘1’ ಕೇಳಿ ಬರೆದದ್ದೋ, ಊಹಿಸಿ ಬರೆದದ್ದೋ ಅನ್ನುವುದು ಆಗ ಗೊತ್ತಾಗುತ್ತದೆ.

ನಿಮಗೆ ಇಳಕಲ್ ಹತ್ತಿರವೇ ಇದೆ. ಒಂದು ಕೈಮಗ್ಗದ ಮನೆಗೆ ಹೋಗಿ ಬನ್ನಿ. ಸಾಮಾನ್ಯವಾಗಿ ಮಗ್ಗಕ್ಕೆ ಒಮ್ಮೆ ಹಾಸು (ಉದ್ದಕ್ಕೆ ಎಳೆದು ಕಟ್ಟುವ ನೂಲು) ಏರಿಸಿದರೆ ಸಾಲಾಗಿ ಹಲವು ಸೀರೆ ನೇಯಬಹುದು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಹಾಗಲ್ಲ. ಸೀರೆಯ ಮೈಯ ಹಾಸು, ಸೆರಗಿನ ಹಾಸು ಎರಡನ್ನೂ ಕುಣಿಕೆ ಹಾಕಿ ಜೋಡಿಸುವುದರಿಂದ ಪ್ರತಿ ಸೀರೆಗೂ ಹಾಸು ಬೇರೆಯಾಗಿ ಸಿದ್ಧ ಮಾಡಬೇಕು. ಈಗ ಎರಡೂ ಬಗೆಯ ಸೀರೆ ಮಾರುವ ಅಂಗಡಿಗೆ ಹಾಸು, ಸೆರಗು, ಸೀರೆಯ ಕ್ಲಾಸ್ ಡಯಾಗ್ರಾಮ್ ಬರೆದು, ಗೆರೆಗಳ ತುದಿಗೆ ಸಂಖ್ಯೆ ಹಾಕಿ. ಕಾಮೆಂಟ್‌ನಲ್ಲಿ ಫೋಟೋ ಹಾಕಿದರೆ ನೋಡಿ ಹೇಳುತ್ತೇನೆ.