ಮಾತ್ರೆ ಬಿಟ್ಟರೆ ಫಿಟ್ ಆದ ಹಾಗಾ?

ಈ ವರ್ಷ ಇಂಥದ್ದು ಮೂರನೇ ಪ್ರಕರಣ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಶಿರಸಿ ಕಡೆಯವರು, ವಯಸ್ಸು ಮೂವತ್ತರ ಆಸುಪಾಸು. ಕಾರವಾರದಲ್ಲಿ ನರ್ಸ್ ಕೆಲಸ. ಆಫ್ರಿಕಾದ ಒಂದು ದೇಶಕ್ಕೆ ವರ್ಷದ ಮಟ್ಟಿಗೆ ಸ್ವಯಂಸೇವಕನಾಗಿ ಹೋಗುವವರಿದ್ದರು. ಆಯ್ಕೆ ಆಗಿತ್ತು, ವೈದ್ಯಕೀಯ ತಪಾಸಣೆ ಬಾಕಿ. ದಿನಾ ಬೆಳಗಾಗುವ ಮೊದಲೇ ಟ್ಯಾಗೋರ್ ಕಡಲತೀರದಲ್ಲಿ ಓಟ, ರಜೆ ಇದ್ದರೆ ಸದಾಶಿವಗಡದ ಗುಡ್ಡ. ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ದೂರ ಹೋಗುವ ಆತಂಕ ಇರಬೇಕು ಅಂದುಕೊಂಡು ಎರಡು ಭೇಟಿ ಅದನ್ನೇ ಮಾತಾಡಿದೆ. ನನ್ನ ಊಹೆ ತಪ್ಪಾಗಿತ್ತು.

ಮೂರನೇ ಸಲ ಓಟ ಮುಗಿಸಿ ನೇರ ಬಂದರು. ಬಾಗಿಲಲ್ಲಿ ಶೂ ಕೊಡವಿ ಮರಳು ಉದುರಿಸಿ ಒಳಗೆ ಬಂದು ಕೂತರು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯುವಾಗ ಒಂದು ಮಾತ್ರೆ ಸ್ಟ್ರಿಪ್ ಕೆಳಗೆ ಬಿತ್ತು. ಹತ್ತಕ್ಕೆ ಹತ್ತೂ ಹಾಗೇ ಇದ್ದವು, ಅಂಚು ಮಾತ್ರ ಬ್ಯಾಗಿನಲ್ಲಿ ಉಜ್ಜಿ ಉಜ್ಜಿ ಮುದುಡಿತ್ತು. ಖಿನ್ನತೆಯ ಮಾತ್ರೆ. ಎರಡು ವರ್ಷದಿಂದ ತಗೊಳ್ಳುತ್ತಿದ್ದವರು ತಿಂಗಳ ಹಿಂದೆ ಒಮ್ಮೆಲೇ ನಿಲ್ಲಿಸಿದ್ದರು. ನಿದ್ದೆ ಹೋಗಿದ್ದು ಯಾವಾಗಿಂದ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ವಾರದಿಂದ ಮೇಡಂ. ತಲೆಯೊಳಗೆ ಆಗಾಗ ಕರೆಂಟ್ ಹೊಡೆದ ಹಾಗೂ ಆಗ್ತದೆ" ಅಂದರು.

"ಯಾಕೆ ಬಿಟ್ರಿ?"

"ಫಾರಂನಲ್ಲಿ ಮಾನಸಿಕ ಕಾಯಿಲೆ ಇದೆಯಾ ಅಂತ ಕೇಳಿದ್ದಾರೆ. ಇಲ್ಲ ಅಂತ ಬರೀಬೇಕಂದ್ರೆ ಮೊದಲು ಇಲ್ಲ ಅಂತ ಆಗ್ಬೇಕಲ್ವಾ ಮೇಡಂ?"

ಸುಳ್ಳು ಹೇಳುವ ಮನುಷ್ಯನಲ್ಲ ಅವರು. ಬರೆದದ್ದು ಸುಳ್ಳಾಗಬಾರದು ಅಂತಲೇ ಮಾತ್ರೆ ಬಿಟ್ಟಿದ್ದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಹಳದಿ ಜ್ವರದ ಲಸಿಕೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಆಗಬೇಕು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟವರು, ದಿನಾ ನೂರು ಜನಕ್ಕೆ ಮಾತ್ರೆ ಕೊಡುವವರು, ತಮ್ಮ ಮಾತ್ರೆ ಬಿಡುವಾಗ ಮಾತ್ರ ಯಾರನ್ನೂ ಕೇಳಲಿಲ್ಲ.

ನಾನು ಹೇಳಿದ್ದು ಇಷ್ಟು. ಇವತ್ತೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ. ನೀವಾಗಿ ಬಿಟ್ಟ ಹಾಗೆ ನೀವಾಗಿ ಶುರು ಮಾಡುವುದೂ ಬೇಡ. ಈ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ತಲೆಸುತ್ತು, ಆ ಕರೆಂಟ್ ಹೊಡೆದಂತಾಗುವುದು ಎಲ್ಲ ಬರಬಹುದು, ನಿಲ್ಲಿಸುವುದೇ ಆದರೂ ವೈದ್ಯರು ನಿಧಾನಕ್ಕೆ ಇಳಿಸುತ್ತಾರೆ. ಓಟ ಒಳ್ಳೆಯದೇ. ಆದರೆ ರಾತ್ರಿ ಮೂರು ತಾಸು ಮಲಗಿ ಬೆಳಿಗ್ಗೆ ಎರಡು ತಾಸು ಓಡಿದರೆ ಮೈ ಗಟ್ಟಿಯಾಗುವುದಿಲ್ಲ. ಮತ್ತೆ ಫಾರಂನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ.

ಈ ಕೊನೆಯ ಮಾತಿಗೇ ಅವರ ಅಣ್ಣ ನನಗೆ ಫೋನ್ ಮಾಡಿ, "ಹುಡುಗನ ದಾರಿಗೆ ಕಲ್ಲು ಹಾಕಿದ್ರಿ" ಅಂದರು. ಸಿಟ್ಟು ನನಗೆ ಅರ್ಥವಾಗುತ್ತದೆ. ನಿಜ ಬರೆದರೆ ಅವಕಾಶ ತಪ್ಪಬಹುದು, ಅದನ್ನು ನಾನು ಅವರಿಂದ ಮುಚ್ಚಿಟ್ಟಿರಲಿಲ್ಲ. ಆದರೂ ನನ್ನ ಸಲಹೆ ಅದೇ. ಯಾಕೆಂದರೆ ಅವರು ಹೋಗುವುದು ಮಲೇರಿಯಾ ಇರುವ ಜಾಗಕ್ಕೆ. ಮಲೇರಿಯಾ ಬಾರದಂತೆ ವಾರಕ್ಕೊಂದು ತಗೊಳ್ಳುವ ಮೆಫ್ಲೋಕ್ವಿನ್ ಅಂತ ಮಾತ್ರೆ ಇದೆ. ಖಿನ್ನತೆ ಇರುವವರಿಗೆ, ಹಿಂದೆ ಬಂದು ಹೋದವರಿಗೂ ಅದನ್ನು ಕೊಡಬಾರದು. ಮನಸ್ಸಿನ ಮೇಲೆ ಅದು ಮಾಡುವ ಪರಿಣಾಮದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅತಿ ಕಟುವಾದ ಎಚ್ಚರಿಕೆಯನ್ನೇ ಹಾಕಿಸಿತು. ಬದಲಿಗೆ ಬೇರೆ ಮಾತ್ರೆಗಳಿವೆ. ಆದರೆ ಫಾರಂನಲ್ಲಿ "ಇಲ್ಲ" ಅಂತ ಇದ್ದರೆ ವೈದ್ಯರಿಗೆ ಗೊತ್ತಾಗುವುದು ಹೇಗೆ? ಕೆಲವು ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಒಳಗೆ ಬಿಡದ ದೇಶಗಳೂ ಇವೆ. ಮುಚ್ಚಿಟ್ಟವನು ಆ ಚೀಟಿಯನ್ನು ಹಿಡಿದುಕೊಂಡು ಹೋಗುವುದಿಲ್ಲ, ಮಾತ್ರೆಯನ್ನೂ ಒಯ್ಯುವುದಿಲ್ಲ. ಆಮೇಲೆ ಭಾಷೆ ಬರದ ಊರಲ್ಲಿ, ನಡುರಾತ್ರಿ, ಒಬ್ಬನೇ. ಅಣ್ಣನಿಗೆ ಇದಿಷ್ಟನ್ನೂ ಹೇಳಿದೆ. ಅವರು ಒಪ್ಪಲಿಲ್ಲ.

ಹೊರಡುವುದು ಸದ್ಯಕ್ಕೆ ಮುಂದೆ ಹೋಗಿದೆ. ವೈದ್ಯರು ಮಾತ್ರೆ ಮತ್ತೆ ಶುರು ಮಾಡಿಸಿದ್ದಾರೆ, ನಿದ್ದೆ ಐದಾರು ತಾಸಿಗೆ ಬಂದಿದೆ. ಹೋದ ವಾರ ಫಾರಂ ತಂದು ತೋರಿಸಿದರು. ಆ ಪ್ರಶ್ನೆಯ ಮುಂದೆ "ಹೌದು" ಅಂತ ಇತ್ತು. ಕೆಳಗೆ ಮಾತ್ರೆಯ ಹೆಸರು, ಪ್ರಮಾಣ, ಶುರುವಾದ ತಿಂಗಳು, ನಡುವೆ ಬಿಟ್ಟಿದ್ದ ದಿನಗಳ ಲೆಕ್ಕ ಎಲ್ಲ ಇತ್ತು, ವಾರ್ಡಿನ ಚಾರ್ಟ್ ಬರೆಯುವ ಹಾಗೆ ಒಂದೊಂದೇ ಸಾಲಿನಲ್ಲಿ.